ಬೆಂಗಳೂರಿನ ಭೋಜನಶಾಲೆಗಳು

ಬೆಂಗಳೂರಿಗೆ ಹೋದವರು ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಗೆ ಇಂದು ನೂರು ಉತ್ತರಗಳುಂಟು. ನಮ್ಮ ಅಜ್ಜನವರಿಗೆ ಇದ್ದ ಉತ್ತರವು ಒಂದೇ: ನೆಂಟರ ಮನೆ. ಪರಾನ್ನವನ್ನು ಹಣಕ್ಕೆ ಕೊಂಡು ಉಣ್ಣುವುದು ಅವರಿಗೆ ಅನಾಚಾರವಾಗಿ ತೋರುತ್ತಿದ್ದಿತು.

ಈ ಶಂಕೆಯನ್ನು ಬಹುಮಟ್ಟಿಗೆ ನಿವಾರಿಸಿದವರು ಉಡುಪಿ ಸೀಮೆಯ ಪಾಕಪ್ರವೀಣರು. 1924ರಲ್ಲಿ ಪರಮೇಶ್ವರ ಮಯ್ಯರೂ ಅವರ ಸಹೋದರರೂ ಸ್ಥಾಪಿಸಿದ ಉಪಾಹಾರಗೃಹದ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್.’ ಅಡಿಗೆಯವನ ಜಾತಿಯೇ ಆಗ ಶುಚಿತ್ವಕ್ಕೆ ಪ್ರಮಾಣವಾಗಿದ್ದಿತು. ಮಾಂಸಾಹಾರಿಗಳಿಗೆ ‘ಮಿಲಿಟರಿ ಹೋಟೆಲು’ಗಳು ಬೇರೆಯೇ ಇದ್ದುವು. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಹೆಸರಿನಲ್ಲಾದರೋ ಕುಲದ ಸೂಚನೆಯೇ ಇಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು, ಜಾತಿಯ ಕಾರಣದಿಂದ ಯಾರಿಗೂ ಹೋಟೆಲಿನ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿತು. 1960ರಲ್ಲಿ ಮಯ್ಯರ ಕ್ಲಬ್ಬು ‘ಮಾವಳ್ಳಿ ಟಿಫಿನ್ ರೂಮ್’ ಎನಿಸಿತು. ಹೆಸರಿನಿಂದ ಜಾತಿ ಹೋಗಿ ಊರು ಬಂದಿತು. ರವೆ ಇಡ್ಲಿಯ ರುಚಿಗೆ ಕುಂದೇನೂ ಬರಲಿಲ್ಲ.

ಆದುದರಿಂದ ಅಡಿಗೆ ಶುಚಿಯಾಗಿದ್ದು, ಬಂದವರ ಕುಲವನ್ನು ಕೇಳದೆ ಬಡಿಸುವ ಯಾವ ಸ್ಥಳದಲ್ಲಿಯಾದರೂ ಉಣ್ಣಬಹುದೆಂಬುದು ನನ್ನ ಉತ್ತರ. ಪಾಠಶಾಲೆಯಲ್ಲಿ ಪಂಕ್ತಿಭೇದವನ್ನು ಕಂಡು ಬೆಳೆದ ನಾನು, ಸಹಪಂಕ್ತಿಯ ಪಾಠವನ್ನು ಕಲಿತುದು ಹೋಟೆಲಿನ ಮೇಜಿನ ಮುಂದೆ.