ಹಳೆಯ ಬಂದೂಕು, ಹೊಸ ಗುರಿ

ಬಳ್ಳಾರಿಯ ಕೋಟೆಯನ್ನು ಕುರಿತ ಕಥೆಯೊಂದನ್ನು ಆ ಸೀಮೆಯವರೆಲ್ಲರೂ ಕೇಳಿಯೇ ಇರುತ್ತಾರೆ. ಹೈದರಾಲಿಯು ಫ್ರೆಂಚ್ ಶಿಲ್ಪಿಯೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಎದುರಿಗಿರುವ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದು ಅವನ ಕಣ್ಣಿಗೆ ಬಿದ್ದಿತಂತೆ. ಹಗೆಯು ಅಲ್ಲಿ ಫಿರಂಗಿಯನ್ನಿಟ್ಟರೆ ಕೋಟೆಯೆಲ್ಲ ಅವನ ಗುರಿಯೊಳಗಾಯಿತೆಂದು ಸಿಟ್ಟಾಗಿ, ಶಿಲ್ಪಿಯನ್ನು ಬಾಗಿಲ ಬಳಿಯಲ್ಲಿಯೇ ಗಲ್ಲಿಗೇರಿಸಿದನೆಂದು ಹೇಳುತ್ತಾರೆ. ಇದು ಐತಿಹ್ಯ, ಚರಿತ್ರಕಾರನು ಇದಕ್ಕೆ ಹೊಣೆಯಾಗಲಾರನು. ಆದರೂ ಎಷ್ಟು ದೂರಕ್ಕೆ, ಎಷ್ಟು ನೇರಕ್ಕೆ ಗುಂಡು ಹೋಗುವುದೆಂಬ ಲೆಕ್ಕದ ಮೇಲೆ ರಾಜ್ಯವೂ ಪ್ರಾಣವೂ ನಿಂತಿದ್ದುವೆಂಬ ತಿಳಿವಳಿಕೆ ಜನರಲ್ಲಿ ಇದ್ದಿತೆಂಬುದಕ್ಕೆ ಈ ಕಥೆಯೇ ಸಾಕ್ಷಿ.

1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಪ್ರಾಂತಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಬಳಿಕ ಈ ಊರು ಮದ್ರಾಸ್ ಸೈನ್ಯದ ದೊಡ್ಡ ಠಾಣ್ಯಗಳಲ್ಲೊಂದಾಯಿತು. ಆ ಠಾಣ್ಯದ ಹೆಸರು ಕಂಟೋನ್ಮೆಂಟ್ ಎಂದು ಇಂದಿಗೂ ಬಡಾವಣೆಗೂ ರೈಲು ನಿಲ್ದಾಣಕ್ಕೂ ಉಳಿದಿದೆ. ಇಂಥ ಠಾಣ್ಯಗಳಲ್ಲಿ ಬಿಳಿಯ ಸೋಲ್ಜರನೂ ನಮ್ಮ ಸಿಪಾಯಿಯೂ ಒಂದೇ ಬಯಲಿನಲ್ಲಿ ಕವಾಯತು ಮಾಡುತ್ತಿದ್ದರು. ಇಬ್ಬರ ಭುಜದ ಮೇಲಿದ್ದ ಬಂದೂಕುಗಳು ದೂರದಿಂದ ನೋಡುವವನಿಗೆ ಒಂದೇ ಬಗೆಯವು. ಆದರೆ ಒಂದು ಕಾಲದಲ್ಲಿ ಅವು ಒಂದೇ ಆಗಿರಲಿಲ್ಲ. ಆ ಭೇದವನ್ನು ಬೇಕೆಂದೇ ಮಾಡಿದ್ದರು.

1853ರಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ಹೆಸರಿನ ಬಂದೂಕು ಬಂದಿತು. ಅದರ ನಳಿಗೆಯ ಉದ್ದ 39 ಅಂಗುಲ, ಒಳಗಿನ ಅಳತೆ 0.577 ಅಂಗುಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಮೂರು ಗೀರುಗಳಿದ್ದುವು. ಗುಂಡು ಆ ಗೀರುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ಗುರಿ ತಪ್ಪದೆ ದೂರ ಹೋಗುತ್ತಿತ್ತು. ಇದರ ಕೊಬ್ಬು ಸವರಿದ ತೋಟೆಯೇ 1857ರ ದಂಗೆಗೆ ಕಿಡಿಯಾಯಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ದಂಗೆಯ ತರುವಾಯ ನಡೆದ ಸಂಗತಿಯನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. 1858ರಲ್ಲಿ ದೇಶೀಯ ದಳಗಳಿಗೆಂದೇ ಒಂದು ಮಾದರಿಯನ್ನು ಗೊತ್ತುಮಾಡಿದರು. ಒಳ್ಳೆಯ ಎನ್‌ಫೀಲ್ಡ್ ನಳಿಗೆಯನ್ನು ತೆಗೆದುಕೊಂಡು, ಗೀರುಗಳೆಲ್ಲ ಅಳಿದುಹೋಗುವಂತೆ ಸುಮಾರು 0.65 ಅಂಗುಲದವರೆಗೆ ಕೊರೆದು, ಒಳಮೈಯನ್ನು ನುಣ್ಣಗೆ ಮಾಡಿದರು. ದೂರಕ್ಕೆ ತಕ್ಕಂತೆ ಏರಿಳಿಸುವ ಹಿಂಗುರಿಯ ಪಟ್ಟಿಯನ್ನು ಕಿತ್ತು, ಅಲುಗದ ತುಂಡೊಂದನ್ನು ಕೂಡಿಸಿದರು. ಹೀಗೆ ಕೊರೆದ ನಳಿಗೆ ತೆಳ್ಳಗಾಯಿತೆಂದು ಮರುವರ್ಷ ದಪ್ಪ ನಳಿಗೆಯ ಮಾದರಿಯನ್ನು ಹೊರಡಿಸಿದರು. ಹೊರನೋಟಕ್ಕೆ ಎಲ್ಲವೂ ಮೊದಲಿನಂತೆಯೇ. ಗುಂಡು ಮಾತ್ರ ನೂರು ಗಜದಾಚೆಗೆ ಹೋದಲ್ಲಿಗೆ ಹೋಯಿತು. ಕುಶಲಿಗಳಾದ ಕಮ್ಮಾರರು ತಮ್ಮ ಕೌಶಲವನ್ನೆಲ್ಲ ಒಂದು ಒಳ್ಳೆಯ ವಸ್ತುವನ್ನು ಕೆಡಿಸುವುದಕ್ಕೆ ವೆಚ್ಚಮಾಡಿದ ನಿದರ್ಶನ ಲೋಕದಲ್ಲಿ ಹೆಚ್ಚಾಗಿ ಇರಲಾರದು.

ಇದರ ವಿರುದ್ಧ ದಿಕ್ಕಿನ ಕೆಲಸವು ಎಂಟೇ ವರ್ಷಗಳಲ್ಲಿ ಅದೇ ಬಂದೂಕಿನ ಮೇಲೆ ನಡೆಯಿತು. ಪ್ರಷ್ಯದವರು ಹಿಂಬದಿಯಿಂದ ತೋಟೆ ತುಂಬುವ ಬಂದೂಕಿನಿಂದ 1864ರಲ್ಲಿ ಡೇನರನ್ನೂ 1866ರಲ್ಲಿ ಆಸ್ಟ್ರಿಯದವರನ್ನೂ ಸೋಲಿಸಿದರು. ಇಂಗ್ಲೆಂಡಿನ ಉಗ್ರಾಣಗಳಲ್ಲಿಯಾದರೋ ಬಾಯಿಯಿಂದ ಮದ್ದು ತುಂಬುವ ಎನ್‌ಫೀಲ್ಡುಗಳು ಲಕ್ಷಗಟ್ಟಲೆ ಬಿದ್ದಿದ್ದುವು. ಅವನ್ನು ಬಿಸುಟು ಹೊಸವನ್ನು ಮಾಡಿಸುವಷ್ಟು ಹಣವೂ ಇಲ್ಲ, ವ್ಯವಧಾನವೂ ಇಲ್ಲ. ಆಗ ಜೇಕಬ್ ಸ್ನೈಡರ್ ಎಂಬ ಅಮೆರಿಕದವನು ಉಪಾಯವೊಂದನ್ನು ಕೊಟ್ಟನು. ಹಳೆಯ ನಳಿಗೆಯ ಹಿಂತುದಿಯಲ್ಲಿ ಸುಮಾರು ಎರಡೂವರೆ ಅಂಗುಲವನ್ನು ಕತ್ತರಿಸಿ, ಅಲ್ಲಿಗೆ ಪಕ್ಕಕ್ಕೆ ತೆರೆಯುವ ಬಾಗಿಲಿನಂಥ ಉಕ್ಕಿನ ತುಂಡೊಂದುಳ್ಳ ಗೂಡನ್ನು ತಿರುಪಿ ಸೇರಿಸುವುದು. ಉಳಿದ ಮರ, ಕುದುರೆ, ನಳಿಗೆ ಎಲ್ಲವೂ ಹಳೆಯವೇ. ವುಲಿಚ್ ಶಸ್ತ್ರಾಗಾರದ ಕರ್ನಲ್ ಬಾಕ್ಸರನು ಇದಕ್ಕೆ ತಕ್ಕ ಲೋಹದ ತೋಟೆಯನ್ನು ರೂಪಿಸಿದನು. ಮದ್ದೂ ಗುಂಡೂ ಪ್ರತಿಸಲವೂ ಒಂದೇ ಅಳತೆಯಲ್ಲಿ ಒಂದೇ ಜಾಗದಲ್ಲಿ ಕೂತುದರಿಂದ, ಬಾಯಿಯಿಂದ ಗಜವಿಟ್ಟು ಜಡಿಯುವಾಗ ಬರುತ್ತಿದ್ದ ಹೆಚ್ಚುಕಡಮೆಗಳು ಇಲ್ಲವಾದುವು. ನಿಮಿಷಕ್ಕೆ ಮೂರು ಗುಂಡು ಹೋಗುತ್ತಿದ್ದೆಡೆಯಲ್ಲಿ ಹತ್ತು ಹೋದುವು. ಅದಕ್ಕಿಂತ ಆಶ್ಚರ್ಯವೆಂದರೆ, ತಿದ್ದಿದ ಹಳೆಯ ಬಂದೂಕು ತಿದ್ದುವುದಕ್ಕೆ ಮುಂಚೆ ಇದ್ದುದಕ್ಕಿಂತ ನೇರವಾಗಿ ಹೊಡೆಯಿತು. ಸ್ನೈಡರನಿಗೆ ಇದರಿಂದ ಸುಖವೇನೂ ಬರಲಿಲ್ಲ. ಸರ್ಕಾರದೊಡನೆ ಹಣದ ವ್ಯವಹಾರ ಇತ್ಯರ್ಥವಾಗುವುದರೊಳಗೆ, ಅದೇ 1866ರ ಅಕ್ಟೋಬರಿನಲ್ಲಿ, ಅವನು ಬಡತನದಲ್ಲಿ ತೀರಿಕೊಂಡನು.

ಎರಡು ವರ್ಷಗಳ ಬಳಿಕ, 1868ರ ಏಪ್ರಿಲ್ 10ರಂದು, ಅಬಿಸೀನಿಯದ ಅರೋಗಿಯಲ್ಲಿ ಈ ಬಂದೂಕಿನ ಪರೀಕ್ಷೆಯಾಯಿತು. ಆ ದಂಡು ಹೊರಟದ್ದು ಮುಂಬಯಿಯಿಂದ. ಇಂಗ್ಲಿಷ್ ದಳದವರಲ್ಲಿ ಸ್ನೈಡರ್, ಅವರ ಪಕ್ಕದಲ್ಲಿಯೇ ಕಾದಿದ ಪಂಜಾಬಿ ಪಯನೀರರಲ್ಲಿ ಬಾಯಿಯಿಂದ ತುಂಬುವ ಬಂದೂಕು. ಅವರು ಕಡೆಗೆ ಸನೀನನ್ನೇ ನಂಬಬೇಕಾಯಿತು. ನಮ್ಮ ಸಿಪಾಯಿಗೆ ಸ್ನೈಡರ್ ಬಂದಾಗ ಬಿಳಿಯರಿಗೆ ಮಾರ್ಟಿನಿ ಬಂದಿತ್ತು; ಇವರಿಗೆ ಮಾರ್ಟಿನಿ ಬಂದಾಗ ಅವರಿಗೆ ಲೀ-ಮೆಟ್‌ಫರ್ಡ್. ಅಣ್ಣನ ಹಳೆಯ ಅಂಗಿ ತಮ್ಮನಿಗೆ ಎಂಬ ಕ್ರಮದಲ್ಲಿ ಬಹುಕಾಲ ನಡೆಯಿತು. ಈ ಅಣ್ಣನಿಗೆ ತಮ್ಮನ ಮೇಲೆ ಪ್ರೀತಿಯೇನೂ ಇರಲಿಲ್ಲವೆಂಬುದೊಂದೇ ಭೇದ. 1914ರಲ್ಲಿ ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿದ ಮೇಲೆಯೇ ಅದರ ಕೈಗೆ ಹೊಸ ಬಂದೂಕು ಬಂದಿತು.

ಇಲ್ಲಿ ಫ್ರೆಡರಿಕ್ ರಾಬರ್ಟ್ಸನ ಹೆಸರನ್ನು ಹೇಳಬೇಕು. ಅವನು 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ದಂಡನಾಯಕ. ಬಳ್ಳಾರಿಯ ಠಾಣ್ಯವೂ ಅವನ ಅಧೀನದಲ್ಲಿದ್ದಿತು. ಗುರಿಯ ಅಭ್ಯಾಸಕ್ಕೆ ಅವನಷ್ಟು ಪ್ರೋತ್ಸಾಹ ಕೊಟ್ಟ ಸೇನಾನಿಗಳು ವಿರಳ. ಹಾಗಿದ್ದೂ, ದಕ್ಷಿಣದವರು ಯುದ್ಧಕ್ಕೆ ತಕ್ಕ ಜಾತಿಯಲ್ಲವೆಂದು ತೀರ್ಮಾನಿಸಿ, ಉತ್ತರದವರಿಗೇ ಮಣೆ ಹಾಕಿದವನೂ ಅವನೇ. ತಲೆಮಾರುಗಳವರೆಗೆ ಕೀಳು ಬಂದೂಕನ್ನು ಕೊಟ್ಟು, ಆಮೇಲೆ ಗುರಿ ಸಾಲದೆಂದು ದೂರುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. 1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಎಂಬ ಒಕ್ಕಲಿಗ ಜನ ಇಂಗ್ಲಿಷರನ್ನು ದೂರದಿಂದಲೇ ಹೊಡೆದುರುಳಿಸಿದಾಗ, ಅಲ್ಲಿಗೆ ಸೇನಾಪತಿಯಾಗಿ ಹೋದವನೂ ಈ ರಾಬರ್ಟ್ಸನೇ. ಸೆರೆಸಿಕ್ಕ ಬೋಯರರಲ್ಲಿ ಹಲವರನ್ನು ಹಡಗು ಹತ್ತಿಸಿ ಭಾರತಕ್ಕೆ ತಂದರು. ಅವರನ್ನಿಟ್ಟ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. ಲೋಕದ ಉತ್ತಮ ಗುರಿಕಾರರೆನಿಸಿಕೊಂಡವರು ಹೀಗೆ ಕೆಲಕಾಲ ಬರಿಗೈಯಲ್ಲಿ ನಮ್ಮ ಬಂಡೆಗುಡ್ಡಗಳನ್ನು ನೋಡುತ್ತ ಕುಳಿತಿದ್ದರು.

ಆ ಯುದ್ಧದ ಪಾಠದಿಂದ ಇಂಗ್ಲೆಂಡಿನಲ್ಲಿ ಕೂಲಿಕಾರರೂ ಗುಮಾಸ್ತರೂ ಸೇರುವ ಗುರಿಕೂಟಗಳು ಊರೂರಿಗೆ ಹುಟ್ಟಿದುವು. ರಾಬರ್ಟ್ಸನೇ ಅವುಗಳ ಬೆಂಬಲಿಗ. ಬಡವನು ಹೊಸ ಬಂದೂಕನ್ನು ಕೊಳ್ಳಲಾರ. ಆದುದರಿಂದ ಸೈನ್ಯದಿಂದ ಕಳಚಿಬಿದ್ದ ಮಾರ್ಟಿನಿಗಳನ್ನು ಅಗ್ಗಕ್ಕೆ ಕೊಂಡು, ಸವೆದ ನಳಿಗೆಯೊಳಗೆ 0.22 ಅಂಗುಲದ ಹೊಸ ಕೊಳವೆಯನ್ನು ಸೇರಿಸಿಯೋ ನಳಿಗೆಯನ್ನೇ ಬದಲಿಸಿಯೋ ಅಂಗಡಿಕಾರರು ಮಾರಿದರು. ಮುಂದೆ ಲೀ-ಎನ್‌ಫೀಲ್ಡಿಗೂ ಇದೇ ಗತಿ, ಎಂದರೆ ಸದ್ಗತಿ, ಬಂದಿತು.

ಈ ಕೆಲಸದ ಮರ್ಮ ಅತಿಶಯವಾದುದೇನೂ ಅಲ್ಲ, ಬೇಕಾದದ್ದು ತಾಳ್ಮೆ. ಮೊದಲು ನಳಿಗೆಯನ್ನು ಪರೀಕ್ಷಿಸುವುದು. ಹಳೆಯ ತೋಟೆಯ ಕಿಡಿಮದ್ದು ಉಪ್ಪಿನಂಥ ಕಸವನ್ನು ಬಿಡುತ್ತಿದ್ದುದರಿಂದ, ಹೊಡೆದೊಡನೆ ಕುದಿಯುವ ನೀರಿನಿಂದ ತೊಳೆಯದ ನಳಿಗೆ ತುಕ್ಕು ತಿಂದಿರುತ್ತಿತ್ತು. ಒರಸುವ ಹುರಿಯನ್ನು ಓರೆಯಾಗಿ ಎಳೆದೆಳೆದು ಬಾಯಿಯ ಅಂಚು ಒಂದು ಕಡೆ ಸವೆದಿದ್ದರೆ ಅದೂ ಕೆಲಸಕ್ಕೆ ಬಾರದು. ನಳಿಗೆ ಒಳ್ಳೆಯದಾದರೆ ಮುಂದಿನದು ಮರ. ಕಬ್ಬಿಣವು ಮರದಲ್ಲಿ ಎಲ್ಲಿ ಒರಗಿರುವುದೋ ಅಲ್ಲೆಲ್ಲ ಎರಡು ಪಕ್ಕಕ್ಕೂ ಸಮನಾಗಿ ಕೂಡಬೇಕು. ಇಲ್ಲವಾದರೆ ಪ್ರತಿ ಗುಂಡಿಗೂ ನಳಿಗೆ ಬೇರೆ ಬೇರೆ ಬಗೆಯಲ್ಲಿ ಅದುರುತ್ತದೆ. ನಮ್ಮ ಬಿಸಿಲಿನಲ್ಲಿ ಮರ ಒಣಗಿ ಕುಗ್ಗುವುದು, ಬಿರಿಯುವುದು ಹೆಚ್ಚು. ಬಂಗಾಳದ ಇಷಾಪುರದ ಕಾರ್ಖಾನೆಯವರು ಇದಕ್ಕಾಗಿಯೇ ಮುಂಗಟ್ಟಿನ ಮರಕ್ಕೆ ಅಡ್ಡಲಾಗಿ ಒಂದು ತಿರುಪನ್ನು ಹಾಕುತ್ತಿದ್ದರು. ಆ ತಿರುಪಿನಿಂದಲೇ ಬಂದೂಕಿನ ತವರನ್ನು ಗುರುತಿಸಬಹುದು. ಕಡೆಯದಾಗಿ, ಹಿಂಗುರಿಯ ಕಚ್ಚನ್ನು ತೆಗೆದು ಕಣ್ಣಿನ ಹತ್ತಿರ ಸಣ್ಣ ರಂಧ್ರವುಳ್ಳ ಬಿಲ್ಲೆಯನ್ನಿಡುವುದು. ಮುಪ್ಪಿನ ಕಣ್ಣಿಗೂ ಇದು ಗುರಿಯನ್ನು ತಿಳಿಯಾಗಿ ತೋರಿಸುತ್ತದೆ.

ಲೀ-ಎನ್‌ಫೀಲ್ಡಿನಲ್ಲಿ ಒಂದು ವಿಚಿತ್ರವುಂಟು. ಅದರ ಅಗುಳಿಯ ಹಿಡಿತವು ಹಿಂಭಾಗದಲ್ಲಿದೆ. ಜರ್ಮನರ ಮೌಸರಿನಲ್ಲಿ ಮುಂಭಾಗದಲ್ಲಿದೆ. ಹಿಂದಿನ ಹಿಡಿತದಿಂದ ಉಕ್ಕು ತುಸು ಬಾಗುವುದು ದೋಷವೆಂದೇ ಶಿಲ್ಪಿಗಳು ಎಣಿಸಿದ್ದರು. ಆದರೆ ಆ ಬಾಗಿನಿಂದ ನಳಿಗೆಯ ಬಾಯಿ ಮೇಲಕ್ಕೇಳುತ್ತಿರುವಾಗ ಗುಂಡು ಹೊರಬೀಳುತ್ತದೆ. ವೇಗದ ಗುಂಡು ಮೊದಲೇ, ಬಾಯಿ ತಗ್ಗಿರುವಾಗ ಹೋಗುತ್ತದೆ. ಮಂದವಾದದ್ದು ತಡೆದು, ಬಾಯಿ ಎತ್ತರವಾದಾಗ ಹೋಗುತ್ತದೆ. ಹೀಗಾಗಿ 900, 1000 ಗಜಗಳಲ್ಲಿ ಎರಡೂ ಹೆಚ್ಚುಕಡಮೆ ಒಂದೇ ಎತ್ತರಕ್ಕೆ ಬಂದು ಸೇರುತ್ತವೆ. ಹತ್ತಿರದಲ್ಲಿ ಮೌಸರಿಗೆ ಸೋಲುವ ಬಂದೂಕು ದೂರದಲ್ಲಿ ಮರ್ಯಾದೆ ಉಳಿಸಿಕೊಳ್ಳುವುದು ಇದರಿಂದ.

ಬಳ್ಳಾರಿಯ ಒಬ್ಬ ಬಡಗಿಗೋ ಗಡಿಯಾರ ರಿಪೇರಿಯವನಿಗೋ ಈ ಕೆಲಸ ಅಸಾಧ್ಯವಾಗಿತ್ತೆಂದು ನಾವು ನಂಬುವುದಿಲ್ಲ. ಅವರ ಕೈಯಲ್ಲಿ ಕಲೆ ಇತ್ತು, ಕಾನೂನು ಇರಲಿಲ್ಲ. 1878ರ ಆಯುಧಗಳ ಆಕ್ಟು ಯೂರೋಪಿಯನರನ್ನು ಬಿಟ್ಟು ಉಳಿದವರಿಗೆ ಲೈಸೆನ್ಸಿನ ಬೇಲಿಯನ್ನು ಹಾಕಿತು. ಕನ್ನಡನಾಡಿನ ಮಟ್ಟಿಗೆ ಕೊಡಗರಿಗೆ ಮಾತ್ರ ವಿನಾಯಿತಿ ದೊರೆಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡಿಡುವ ಪಂದ್ಯ ಅಲ್ಲಿ ಇಂದಿಗೂ ನಡೆಯುತ್ತದೆ. ಭಾರತದ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದ್ದು 1951ರಲ್ಲಿ, ಎಂದರೆ ಇಂಗ್ಲೆಂಡಿನ ಅಂಥದೇ ಸಂಘಕ್ಕಿಂತ 92 ವರ್ಷ ತಡವಾಗಿ.

ಈ ನಡುವೆ ಇಷಾಪುರದಲ್ಲಿ 1858ರ ಕಥೆ ಮತ್ತೊಮ್ಮೆ ನಡೆದಿತ್ತು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ, ಪೊಲೀಸರಿಗೂ ಪಹರೆಯವರಿಗೂ ಕೊಡುವುದಕ್ಕೆಂದು ಲೀ-ಎನ್‌ಫೀಲ್ಡುಗಳನ್ನು ತೆಗೆದುಕೊಂಡು, ಗೀರುಗಳನ್ನು ಕೊರೆದು ಅಳಿಸಿ, 0.410 ಅಂಗುಲದ ನುಣುಪು ನಳಿಗೆಗಳನ್ನಾಗಿ ಮಾಡಿದರು. ಹತ್ತು ತೋಟೆ ಹಿಡಿಯುತ್ತಿದ್ದ ಪೆಟ್ಟಿಗೆಯ ಜಾಗದಲ್ಲಿ ಮರದ ತುಂಡೊಂದನ್ನು ಬಿಗಿದು, ಒಂದು ಸಲಕ್ಕೆ ಒಂದೇ ತೋಟೆ ಎಂದು ಗೊತ್ತುಮಾಡಿದರು.