ಕತ್ತರಿ ಯಾರ ಕೈಯಾಗ ಐತಿ?

ಸ್ವಲ್ಪ ಉದ್ದ ಬರೆದೀನಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಹೋದ ತಿಂಗಳು ಒಂದು ಭಾನುವಾರ ಯಲಬುರ್ಗಾ ತಾಲ್ಲೂಕಿನ ನಮ್ಮ ದೊಡ್ಡವ್ವನ ಮಾತು ರೆಕಾರ್ಡ್ ಮಾಡಿದೆ. ಎರಡು ಖೋಲಿ ಮನೆ. ಫ್ಯಾನ್ ಬಂದ್ ಮಾಡಿ, ಕಿಟಕಿಗೆ ಕೌದಿ ಇಳಿಬಿಟ್ಟು, ಮೊಬೈಲನ್ನು ಅಕ್ಕಿ ಡಬ್ಬಿ ಮೇಲೆ ಇಟ್ಟೆ. ಬರಗಾಲದಾಗ ಗುಳೆ ಹೋದದ್ದು, ಬಾವಿ ದಂಡಿ ಮ್ಯಾಲೆ ಖಾಲಿ ಕೊಡ ಹಿಡಕೊಂಡು, ಮ್ಯಾಲಿನ ಕೇರಿಯವರು ಯಾವಾಗ ನೀರು ಹಾಕ್ತಾರ ಅಂತ ಕಾದದ್ದು, ಎಲ್ಲ ಹೇಳಿದಳು. 40 ನಿಮಿಷದ ಮಾತನ್ನು ಆಫೀಸು ಮುಗಿಸಿ ಬಂದು ರಾತ್ರಿ ಕೂತು 10 ನಿಮಿಷಕ್ಕೆ ಇಳಿಸಿ ಒಂದು ರೇಡಿಯೊದವರಿಗೆ ಕಳಿಸಿದೆ. "ವಿಷಯ ಚೆನ್ನಾಗಿದೆ, ಭಾಷೆ ಮಾತ್ರ ಸರಿ ಮಾಡಿಸಿ. ಬೇರೆ ಯಾರಿಂದಾದರೂ ಓದಿಸಿ" ಅಂದರು.

ಅಂದ್ರ, ದೊಡ್ಡವ್ವನ ಬದುಕು ಬೇಕು, ದೊಡ್ಡವ್ವನ ನಾಲಿಗಿ ಬ್ಯಾಡ. ಸಿಟ್ಟು ಬಂತು. ಸಿಟ್ಟಿನ್ಯಾಗ ಹಳೇ ಇತಿಹಾಸ ಕೆದಕಿದೆ.

ಮನೆಯಿಂದ ರೇಡಿಯೊ ಮಾಡೋದು ನಮ್ಮ ನಾಡಿಗೆ ಹೊಸದಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು. ಮುಂದೆ ಇಡೀ ದೇಶದ ರೇಡಿಯೊಕ್ಕೇ ಆ ಹೆಸರು ಬಂತು. ದೊಡ್ಡ ಕೆಲಸ, ಅನುಮಾನ ಇಲ್ಲ. ಆದರೆ ನೋಡ್ರಿ, ಮುಂದಿನ ತಿಂಗಳೇ, ಅಕ್ಟೋಬರ್ 13ರಂದು, ಯೇವಲಾದಲ್ಲಿ ಬಾಬಾಸಾಹೇಬರು 'ಹಿಂದೂವಾಗಿ ಸಾಯುವುದಿಲ್ಲ' ಎಂದು ಘೋಷಿಸಿದರು. ಒಂದು ಮನೆಯ ದನಿ ಆಕಾಶಕ್ಕೇರಿದ ಕಾಲದಲ್ಲೇ, ನಮ್ಮ ಜನ ಊರ ಬಾವಿಯ ನೀರಿಗೆ, ಗುಡಿಯ ಬಾಗಿಲಿಗೆ ಹೋರಾಡುತ್ತಿದ್ದರು. ನಮ್ಮ ಕೊಪ್ಪಳ ಸೀಮೆ ಆಗ ನಿಜಾಮನ ರಾಜ್ಯದಾಗ ಇತ್ತು.

ಬಾಬಾಸಾಹೇಬರ ದನಿಯೂ ರೇಡಿಯೊದಲ್ಲಿ ಬಂತು. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಮಾತಾಡುತ್ತಾ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಈ ಮೂರನ್ನೂ ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಹೇಳಿದರು. ಆದರೆ ಅವರ ಮಾತು ನಂಬಿದ ಕೇರಿಯ ಅವ್ವಂದಿರ ದನಿ? ಅದು ಸ್ಟುಡಿಯೊ ಬಾಗಿಲ ತನಕ ಹೋಗುವುದೇ ಕಷ್ಟ. ಆಗ ಸ್ಪೂಲ್ ಟೇಪು. ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸಬೇಕು. ಯಂತ್ರ ಇದ್ದದ್ದು ಕೇಂದ್ರದಲ್ಲಿ, ಕೇಂದ್ರ ಇದ್ದದ್ದು ಪಟ್ಟಣದಲ್ಲಿ. ಏನು ಉಳೀಬೇಕು, ಏನು ಹೋಗಬೇಕು ಅಂತ ತೀರ್ಮಾನ ಮಾಡೋ ಬ್ಲೇಡು ನಮ್ಮವರ ಕೈಯಾಗ ಇರಲಿಲ್ಲ.

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 'ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ' ಎಂದಿತು. ಆದರೂ ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಸರ್ಕಾರ ದಾರಿ ಬಿಟ್ಟದ್ದು 2006ರಲ್ಲಿ. ನಡುವಿನ 11 ವರ್ಷ ಜನ ಸುಮ್ನೆ ಕೂಡಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು, ಗಾಳಿಯಲ್ಲಿ ಬಿಡಲು ಲೈಸೆನ್ಸ್ ಇಲ್ಲ ಅಂತ, ಹಳ್ಳಿಯಲ್ಲೇ ತಯಾರಿಸಿದ ಕಾರ್ಯಕ್ರಮವನ್ನು ಕೇಬಲ್ ಟಿವಿಯ ತಂತಿಯಲ್ಲಿ ಮನೆಮನೆಗೆ ಕಳಿಸಿದರು.

ನನಗೆ ಇನ್ನೂ ಹತ್ತಿರ ಅನಿಸಿದ್ದು ನಮ್ಮ ಬೀದರ್ ಗಡಿ ದಾಟಿದರೆ ಸಿಗುವ ಜಹೀರಾಬಾದ್ ಸೀಮೆ. ಅಲ್ಲಿನ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಇರುವವರು ಹೆಚ್ಚಾಗಿ ಬಡ ದಲಿತ ಹೆಣ್ಣುಮಕ್ಕಳು. ಲೈಸೆನ್ಸಿಗೆ ಮುಂಚೆ ವರ್ಷಾನುಗಟ್ಟಲೆ ಅವರು ಬೀಜ, ಬೆಳೆ, ಔಷಧಿ ಗಿಡ, ಹಾಡುಗಳ ಬಗ್ಗೆ ತಾವೇ ರೆಕಾರ್ಡ್ ಮಾಡಿ, ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿದರು. ಕಡೆಗೆ 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ 90.4 ಮೆಗಾಹರ್ಟ್ಸ್‌ನಲ್ಲಿ 'ಸಂಘಂ ರೇಡಿಯೊ' ಮಾತಾಡಿತು. ಅದನ್ನು ನಡೆಸಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ನರಸಮ್ಮ. ಅವರು ಆಡಿದ್ದು ತಮ್ಮ ಊರಿನ ತೆಲುಗು. ಯಾರಿಂದಲೂ 'ಓದಿಸಲಿಲ್ಲ'.

ಇದರಿಂದ ನಾನು ಕಲಿತದ್ದು ಒಂದೇ. ಯಂತ್ರ ಇಲ್ಲ ಅನ್ನೋ ನೆಪ ಈಗ ಮುಗೀತು. ಕೀಪ್ಯಾಡ್ ಮೊಬೈಲಿನ್ಯಾಗೂ ರೆಕಾರ್ಡರ್ ಐತಿ. ಆಡಾಸಿಟಿ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತೈತಿ. ಉಳಿದಿರೋದು ಕತ್ತರಿಯ ಪ್ರಶ್ನೆ. ಎಡಿಟಿಂಗ್ ಅಂದ್ರ ಕೆಮ್ಮು, ಬೈಕಿನ ಹಾರ್ನ್, ಎರಡು ಸಲ ಬಂದ ಮಾತು ತೆಗೆಯೋದು. 'ಹೋಗಿದ್ಯಾ', 'ಬರ್ತಾವ' ತೆಗೆದು 'ಹೋಗಿದ್ದೆನು', 'ಬರುತ್ತವೆ' ಹಾಕೋದಲ್ಲ. ಅಳು ಬಂದು ದೊಡ್ಡವ್ವ ನಾಲ್ಕು ಸೆಕೆಂಡು ಸುಮ್ಮನಾದರೆ ಆ ನಾಲ್ಕು ಸೆಕೆಂಡು ಉಳೀಬೇಕು. ಅದೂ ಸಾಕ್ಷಿ.

ಸಾಕ್ಷಿ ಅಂತ ಯಾಕಂದೆ? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು 2014ರಲ್ಲಿ. ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರಲ್ಲಿ. ಹತ್ತು ವರ್ಷ ನೆನಪು ಕಾಪಾಡಿಕೊಂಡು ಬದುಕೋದು ಅಂದ್ರ ಸಣ್ಣ ಮಾತಲ್ಲ. ನಮ್ಮ ಹಿರಿಯರಿಗೆ ಅಷ್ಟು ವರ್ಷ ಐತೋ ಇಲ್ಲೋ, ಯಾರಿಗೆ ಗೊತ್ತು?

ಕುಷ್ಟಗಿ, ಗಂಗಾವತಿ, ಯಲಬುರ್ಗಾ, ಕೊಪ್ಪಳದ ತಮ್ಮಂದಿರೇ, ತಂಗಿಯರೇ, ಈ ಭಾನುವಾರ ನಿಮ್ಮ ಅವ್ವ, ಅಜ್ಜಿ, ಮುತ್ಯಾನ ಮುಂದೆ ಕೂಡ್ರಿ. ಮೊದಲು ಒಪ್ಪಿಗೆ ಕೇಳ್ರಿ. ಶುರುವಿನಲ್ಲೇ ಹೆಸರು, ಊರು, ತಾರೀಖು ಅವರ ಬಾಯಿಂದಲೇ ಹೇಳಿಸ್ರಿ. ಯಾರೂ ಮಾತಾಡದ ಅರ್ಧ ನಿಮಿಷದ ಮನೆಯ ಸದ್ದನ್ನೂ ಹಿಡೀರಿ, ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗ್ತೈತಿ. ಎಡಿಟ್ ಮಾಡಿದ್ದನ್ನು ಮೊದಲು ಅವರಿಗೇ ಕೇಳಿಸ್ರಿ. ಮೂಲ ಫೈಲನ್ನು ಮಾತ್ರ ಮುಟ್ಟಬ್ಯಾಡ್ರಿ, ಎರಡು ಕಡೆ ಇಡ್ರಿ.

ದೊಡ್ಡವ್ವನ ಫೈಲನ್ನು ನಾನು ತಿದ್ದಲಿಲ್ಲ. ಈಗ ಇನ್ನೊಂದು ರೇಡಿಯೊಕ್ಕೆ ಕಳಿಸ್ತೀನಿ, ಹಂಗೇ, ಅಕಿ ನಾಲಿಗಿ ಸಮೇತ.

ಜೈ ಭೀಮ್.