ಹಂಡೆ ಒಲೆಯಿಂದ ತಾರಸಿ ಸೋಲಾರ್‌ವರೆಗೆ

ಮೊನ್ನೆ ನಮ್ಮ ತಾರಸಿ ಮೇಲಿನ ಸೋಲಾರ್ ಟ್ಯಾಂಕು ಸೋರೋಕೆ ಶುರುವಾಯ್ತು. ರಿಪೇರಿಯವನು ಹೊಸದೇ ಹಾಕಿಸ್ಬೇಕು ಅಂದ. "ಕರೆಂಟೇ ಫ್ರೀ ಅಲ್ವಾ, ಗೀಸರ್ ಹಾಕ್ಸಮ್ಮ" ಅಂದ ಮಗ. ಹೌದಲ್ವಾ ಅನ್ನಿಸ್ತು. ಆದ್ರೂ ಹಳೇ ಬಿಲ್ಲುಗಳನ್ನ ಹರಡಿಕೊಂಡು ಕೂತೆ.

ನಮ್ಮತ್ತೆ ರಾಜಾಜಿನಗರಕ್ಕೆ ಸೊಸೆಯಾಗಿ ಬಂದಾಗ ಬಚ್ಚಲಲ್ಲಿ ಇದ್ದಿದ್ದು ತಾಮ್ರದ ಹಂಡೆ, ತೆಂಗಿನಮಟ್ಟೆ, ಕಣ್ಣುರಿಯೋ ಹೊಗೆ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿನ ಬೀದಿ ಬೆಳಗಿತ್ತು. ಆದ್ರೆ ಸ್ನಾನದ ನೀರಿಗೂ ಕರೆಂಟು ಉರಿಸೋ ಧೈರ್ಯ ನಮ್ಮಂಥ ಮನೆಗಳಿಗೆ ಬರೋಕೆ ಎಷ್ಟೋ ವರ್ಷ ಹಿಡೀತು. ಕೊನೆಗೆ ಗೀಸರ್ ಬಂತು, ಹಿಂದೇನೇ ಬಿಲ್ಲೂ ಏರ್ತು.

2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡ್ತು. ಮರುವರ್ಷ ಬಸವೇಶ್ವರನಗರದಲ್ಲಿ ಮನೆ ಕಟ್ಟಿದಾಗ ಗೊಣಗಿಕೊಂಡೇ ಹಾಕಿಸಿದ್ವಿ. ಹಾಕಿಸಿದೋರಿಗೆ ಬಿಲ್ಲಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯ್ತಿ. ನಮ್ಮ ಬಿಲ್ಲು ಇಳಿದಿದ್ದು ನೋಡಿ, ಕಾಯ್ದೆ ತಾಗದ ಹಳೇ ಮನೆಯವರೂ ಹಾಕಿಸಿಕೊಂಡ್ರು. ಪರಿಸರದ ಮಾತು ಆಮೇಲೆ ಬಂತು ಕಣ್ರೀ, ಮೊದಲು ಬಂದಿದ್ದು ಪರ್ಸಿನ ಮಾತು.

2023ರ ಆಗಸ್ಟಿಂದ ಗೃಹಜ್ಯೋತಿ. 200 ಯೂನಿಟ್ ಎಲ್ಲರಿಗೂ ಬಿಟ್ಟಿ ಅಂದ್ಕೊಂಡಿದ್ದೆ. ಹಾಗಲ್ಲ, 2022-23ರ ನಮ್ಮ ಸರಾಸರಿಗೆ ಶೇಕಡ 10 ಸೇರಿಸಿದಷ್ಟೇ. ನಮ್ಮ ಸರಾಸರಿ 90, ಹಾಗಾಗಿ ಸಿಗೋದು 99. ಗೀಸರ್ ಇರೋ ಮನೆ 150 ಉರಿಸಿದ್ರೆ ಅವರಿಗೆ 165! ಉಳಿಸಿದೋರಿಗೇ ಕಮ್ಮಿ.

ಆದ್ರೂ ಯೋಜನೆನ ಬೈಯೋಕೆ ಮನಸ್ಸು ಬರಲ್ಲ. ಬಾಡಿಗೆ ಮನೇಲಿರೋರಿಗೆ ಸೋಲಾರ್ ಇಡೋಕೆ ಸ್ವಂತ ತಾರಸಿ ಎಲ್ಲಿದೆ? ಅವರ ಉಳಿತಾಯ ಮಕ್ಕಳ ಫೀಸಿಗಾಗತ್ತೆ. ಆದ್ರೆ 2024ರಲ್ಲಿ ಸೂರ್ಯಘರ್ ಯೋಜನೆ ಬಂದು, ತಾರಸಿ ಮೇಲಿನ 3 ಕಿಲೋವಾಟ್ ಪ್ಯಾನೆಲ್ಲಿಗೆ 78,000 ರೂಪಾಯಿ ಸಬ್ಸಿಡಿ ಕೊಡ್ತೀವಿ ಅಂದಾಗ, ನಮ್ಮ ಬೀದೀಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಬಿಲ್ಲೇ ಸೊನ್ನೆ ಬರೋವಾಗ ಉಳಿದ ದುಡ್ಡು ಕೈಯಿಂದ ಯಾರು ಹಾಕ್ತಾರೆ?

ಆಮೇಲೆ ಗೀಸರ್ ಲೆಕ್ಕ ಹಾಕ್ದೆ. 2000 ವಾಟಿನ ಗೀಸರ್ ದಿನಕ್ಕೊಂದು ಗಂಟೆ ಉರಿದ್ರೆ 2 ಯೂನಿಟ್, ತಿಂಗಳಿಗೆ 60. ನಮ್ಮ 90ಕ್ಕೆ ಸೇರಿದ್ರೆ 150. 99 ಬಿಟ್ಟಿ, 51ಕ್ಕೆ ದುಡ್ಡು. ಹಬ್ಬಕ್ಕೆ ನೆಂಟರು ಬಂದು 200 ದಾಟಿತೋ, ಇಡೀ ಬಿಲ್ಲು ನಮ್ದೇ.

ಮಗನಿಗೆ ಚೀಟಿ ತೋರಿಸ್ದೆ, ಸುಮ್ಮನಾದ. ಹೊಸ ಟ್ಯಾಂಕು ಬಂತು. ನೀವೂ ಗೀಸರ್ ಕೊಳ್ಳೋ ಮುಂಚೆ ನಿಮ್ಮ ಪಾಲಿನ ಯೂನಿಟ್ ಎಷ್ಟು ಅಂತ ಬಿಲ್ಲಲ್ಲಿ ಒಂದ್ಸಲ ನೋಡ್ಕೊಳ್ಳಿ.